ಕಾಸಿಂ ಕಾಕನ ಒಂದು ಮುಷ್ಟಿ ಹುರುಳಿ

ಕಾಪು ಪೇಟೆಯ ದಿನಸಿ ಅಂಗಡಿಯ ಕಾಸಿಂ ಕಾಕನಿಗೆ ಒಂದು ಚಾಳಿ ಇತ್ತು. ಗಿರಾಕಿ ಕೇಳಿದ್ದನ್ನು ಸುಮ್ಮನೆ ಕಟ್ಟಿಕೊಡಲು ಅವರಿಂದ ಆಗುತ್ತಿರಲಿಲ್ಲ. ಬೆಲ್ಲ ಹೆಚ್ಚು ಕೇಳಿದರೆ ಯಾರ ಮದುವೆ ಎನ್ನುವರು, ಓಮ ಕೇಳಿದರೆ ಯಾರಿಗೆ ಹೊಟ್ಟೆನೋವು ಎನ್ನುವರು.

೧೯೭೪ರಲ್ಲಿ ಒಂದು ಬೆಳಿಗ್ಗೆ ಆಸ್ಯಾ ನಾಲ್ಕು ತಿಂಗಳ ಮಗಳನ್ನು ಎತ್ತಿಕೊಂಡು ಬಂದು ಹಾಲಿನ ಪುಡಿಯ ಡಬ್ಬಿ ಕೇಳಿದಾಗಲೂ ಹಾಗೆಯೇ ಆಯಿತು.

"ಯಾಕೆ ಮಗಳೇ? ನಿನ್ನ ಹಾಲಿಗೆ ಎಂತ ಆಯ್ತು?"

ಅಷ್ಟು ಕೇಳಿದ್ದೇ ತಡ, ಆಸ್ಯಾ ಕಣ್ಣು ತುಂಬಿಕೊಂಡು ಎಲ್ಲವನ್ನೂ ಹೇಳಿದಳು. ಅವಳು ಮಂಗಳೂರಿನಲ್ಲಿ ಓದಿ ಬೆಳೆದವಳು. ಹೆರಿಗೆಯೂ ಅಲ್ಲೇ, ತವರಿನಲ್ಲಿ. ಹೋದ ತಿಂಗಳು ಅಲ್ಲಿನ ಡಾಕ್ಟರರ ಹಳೇ ತಕ್ಕಡಿ ಮಗುವಿಗೆ ಹದಿಮೂರು ರಾತಲು, ಅಂದರೆ ಪೌಂಡು, ತೋರಿಸಿತ್ತು. ನಿನ್ನೆ ಕಾಪುವಿನ ನರ್ಸಮ್ಮ ತೂಗಿ, ಆರು ಕಿಲೋ ನಾನೂರು ಗ್ರಾಂ ಎಂದರು. ಕಿಲೋಗೆ ಎರಡು ರಾತಲೆಂದು ಆಸ್ಯಾ ಗುಣಿಸಿದಳು. ಮೂರು ಸಲ ಗುಣಿಸಿದಳು. ಹದಿಮೂರು ತುಂಬಲೇ ಇಲ್ಲ.

"ನನ್ನ ಸೊಂಟವನ್ನು ಕೇಳು, ಮಗು ಭಾರ ಆಗ್ತಾ ಉಂಟು" ಎಂದಿದ್ದರು ಅತ್ತೆ ಆಯಿಶಮ್ಮ. ಅದು ಅವಳ ಕಿವಿಗೆ ಹೋಗಲಿಲ್ಲ. ತನ್ನ ಹಾಲು ಸಾಲದೆ ಮಗು ಇಳಿದುಹೋಗುತ್ತಿದೆ. ಇವತ್ತಿನಿಂದ ಮೊಲೆ ಬಿಡಿಸಿ ಡಬ್ಬಿ ಹಾಲು ಎಂದು ಗಟ್ಟಿಮಾಡಿಕೊಂಡೇ ಬಂದಿದ್ದಳು.

ಕಾಸಿಂ ಕಾಕ ಡಬ್ಬಿಗೆ ಕೈಹಾಕಲಿಲ್ಲ. ಮೂಲೆಯ ಗೋಣಿಯಿಂದ ಒಂದೊಂದು ರಾತಲಿನ ಎರಡು ಹಳೇ ತೂಕದ ಕಲ್ಲು ತೆಗೆದು ತಕ್ಕಡಿಯ ಒಂದು ತಟ್ಟೆಗಿಟ್ಟರು. ಇನ್ನೊಂದಕ್ಕೆ ಒಂದು ಕಿಲೋ. ಕಿಲೋ ತಟ್ಟೆ ಕೆಳಗೆ ಕೂತಿತು. ರಾತಲಿನ ಕಡೆಗೆ ಹುರುಳಿ ಬಿಡುತ್ತಾ ಹೋದರು. ಒಂದು ಮುಷ್ಟಿ ಬಿದ್ದ ಮೇಲೆ ಮುಳ್ಳು ನೆಟ್ಟಗಾಯಿತು.

"ಇದು ನೀನು ಬಿಟ್ಟದ್ದು. ಕಿಲೋ ಬಂದ ಹೊಸತರಲ್ಲಿ ಇಡೀ ಕಾಪುವೇ ಬಿಟ್ಟಿತ್ತು. ಕಿಲೋಗೆ ಎರಡು ರಾತಲಿನ ಬೆಲೆಗಿಂತ ಹೆಚ್ಚು ಕೇಳಿದೆ ಅಂತ ಈ ವಾರಿಜಾ ನನ್ನನ್ನು ಕಳ್ಳ ಎಂದು ಎಂಟು ದಿನ ಮಾತು ಬಿಟ್ಟಿದ್ದಳು."

"ಎಂಟಲ್ಲ ಬ್ಯಾರಿಗಳೇ, ಹದಿನೈದು," ಎಂದಳು ಉಪ್ಪಿಗೆ ಬಂದಿದ್ದ ಮೀನಿನ ವಾರಿಜಾ.

"ಪ್ರತಿ ಕಿಲೋದ ಮೇಲೂ ಈ ಮುಷ್ಟಿ ಉಂಟು. ಐದು ಮುಷ್ಟಿಗೆ ಒಂದು ರಾತಲು. ಹಾಗಾದರೆ ಐದು ಕಿಲೋಗೆ ಹನ್ನೊಂದು. ಉಳಿದ ಒಂದು ಕಿಲೋ ನಾನೂರಕ್ಕೆ ಮೂರು. ಒಟ್ಟು?"

"ಹದಿನಾಲ್ಕು..." ಆಸ್ಯಾ ಬೆರಳು ಮಡಚಿ ಮತ್ತೆ ಎಣಿಸಿದಳು. "ಹದಿನಾಲ್ಕು, ಕಾಕ!"

"ತಿಂಗಳಿಗೆ ಒಂದು ರಾತಲು ಏರಿದ್ದಾಳೆ. ಆರು ಮುಷ್ಟಿ ಮಗುವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ನೀನು, ಮಾರಾಯ್ತಿ!"

"ಲೆಕ್ಕ ಯಾಕೆ? ಆ ತೊಡೆ ನೋಡಿದರೆ ಸಾಲದಾ?" ಎಂದು ವಾರಿಜಾ ಮಗುವಿನ ತೊಡೆ ಚಿವುಟಿದಳು. ಮಗು ಪೇಟೆಗೆಲ್ಲ ಕೇಳುವಂತೆ ಕಿರುಚಿತು. ಆಸ್ಯಾ ನಕ್ಕಳು; ಮೆಟ್ಟಿಲಿಳಿದವಳು ಮತ್ತೆ ತಿರುಗಿ ನಿಂತಳು.

"ಕಾಕ, ಒಂದೇ ತಿಂಗಳಿಗೆ ಒಂದು ರಾತಲು... ಜಾಸ್ತಿ ಆಗಲಿಲ್ಲ ಅಲ್ವಾ?"

"ಅದನ್ನು ತೂಗುವ ಕಲ್ಲು ನನ್ನಲ್ಲಿಲ್ಲ. ಅವಳಿಗೆ ಹಸಿವಾಗಿದೆ, ಮನೆಗೆ ಹೋಗಿ ಹಾಲು ಕೊಡು."

ಆಸ್ಯಾ ಡಬ್ಬಿ ಇಲ್ಲದೆಯೇ, ಬಿರಬಿರನೆ ಮನೆಗೆ ನಡೆದಳು.