ಕೆನ್ನೆಗೆ ಹಚ್ಚಿ ಆರಿಸಿದ ಬ್ರಷ್

ಬೇಗಂ ಬಜಾರಿನ ಅಂಗಡಿಯೊಂದರಲ್ಲಿ ಆ ಹೆಂಗಸು ಶೇವಿಂಗ್ ಬ್ರಷ್‌ಗಳನ್ನು ಒಂದೊಂದಾಗಿ ತನ್ನ ಕೆನ್ನೆಗೆ ಸವರಿ ನೋಡುತ್ತಿದ್ದಳು. ಸೀರೆಯ ಮೇಲೆ ಗಂಡಸರ ಅಂಗಿ, ಅದರ ತುಂಬ ಸಿಮೆಂಟಿನ ಕಲೆ. ಅಂಗಡಿಯವನು ಮುಖ ಸಿಂಡರಿಸಿದ. ನಾನೂ ಬ್ರಷ್ ಕೊಳ್ಳಲೆಂದೇ ಬಂದವನು. ಆ ತೆಲುಗು ಊರಿನಲ್ಲಿ ಅವಳು ತನ್ನಷ್ಟಕ್ಕೆ ಕನ್ನಡದಲ್ಲಿ ಏನೋ ಗೊಣಗಿದ್ದು ಕೇಳಿ, ಬಿರುಸು ಕೂದಲಿನ ಅಗ್ಗದ ಬ್ರಷ್ ಒಂದನ್ನು ತೋರಿಸಿ, "ಇದನ್ನ ತಗೋವಾ ತಂಗಿ, ಭಾಳ ದಿನ ಬಾಳಿಕಿ ಬರ್ತೈತಿ" ಎಂದೆ.

"ಬಿರುಸು ಬ್ಯಾಡ್ರೀ ಅಣ್ಣಾ. ಐಟಿ ಕಂಪನಿ ಬಿಲ್ಡಿಂಗ್ ಕಟ್ಟೋ ಮುಂದ ನಮ್ಮ ಮನಿಯವರು ಮ್ಯಾಲಿಂದ ಬಿದ್ರು. ಕುತ್ತಿಗಿ ಕೆಳಗ ಮುಟ್ಟಿದ್ರ ಏನೂ ತಿಳಿಯಂಗಿಲ್ಲ. ಮಾರಿ ಮ್ಯಾಲ ಅಷ್ಟ ತಿಳಿತೈತಿ. ದಿನಾ ಮುಂಜಾನಿ ನಾನ ದಾಡಿ ಮಾಡ್ತೀನ್ರಿ."

ದುಬಾರಿಯದೊಂದನ್ನು ಮುಟ್ಟಿ ನೋಡಿ ಕೆಳಗಿಟ್ಟಳು. ತನ್ನ ಕೈಗೆಟಕುವ ಬೆಲೆಯವುಗಳಲ್ಲಿ ಎಲ್ಲಕ್ಕಿಂತ ಮೆತ್ತಗಿದ್ದುದನ್ನು ಕಣ್ಣು ಮುಚ್ಚಿ ಇನ್ನೊಮ್ಮೆ ಕೆನ್ನೆಗೆ ಹಚ್ಚಿಕೊಂಡಳು. ಆಮೇಲೆ ದುಡ್ಡು ಕೊಟ್ಟು, ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಗದ್ದಲದಲ್ಲಿ ಮರೆಯಾದಳು.

ಈಗ ಬೆಳಿಗ್ಗೆ ನೊರೆ ಹಚ್ಚಿಕೊಳ್ಳುವಾಗ, ಬ್ರಷ್ ಗದ್ದದಿಂದ ಕುತ್ತಿಗೆಗೆ ಇಳಿಯುತ್ತಿದ್ದಂತೆ ನನ್ನ ಕೈ ನಿಂತುಬಿಡುತ್ತದೆ.