ಟಾಂಗಾ ಬಿಚ್ಚಿ ಕಟ್ಟಿದ ಮನೆ

ಚಾಚಾ ಅವರ ಎಡಗೈ ತೋರುಬೆರಳಿನ ಬುಡದಲ್ಲಿ ಲಗಾಮು ತಿಕ್ಕಿ ತಿಕ್ಕಿ ಒಂದು ಕಾಲುವೆಯೇ ಬಿದ್ದಿತ್ತು. ಬೀಡಿಯನ್ನು ಆ ಕಾಲುವೆಯಲ್ಲಿ ಮಲಗಿಸಿಕೊಂಡು ಬಲಗೈಯಿಂದ ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದರು. ಮಾತಿನ ಭರದಲ್ಲಿ ಎಡಗೈ ಎಷ್ಟು ಬೀಸಿದರೂ ಬೀಡಿ ಕೆಳಗೆ ಬೀಳುತ್ತಿರಲಿಲ್ಲ. ಅವರ ಹತ್ತಿರ ಮಾತಾಡುವಾಗ ನನ್ನ ಕಣ್ಣು ಮುಖ ಬಿಟ್ಟು ಆ ಬೀಡಿಯ ಮೇಲೆಯೇ ಇರುತ್ತಿತ್ತು.

ಜೋರಾಪುರ ಪೇಟೆಯಲ್ಲಿ ಎಲ್ಲರೂ ಅವರನ್ನು ಟಾಂಗಾ ಚಾಚಾ ಅಂತ ಕರೆಯುತ್ತಿದ್ದರು. ಎಪ್ಪತ್ತರ ದಶಕದ ಮಾತು. ವಿಜಾಪುರದಲ್ಲಿ ಆಟೋರಿಕ್ಷಾ ಓಡಾಡಲು ಶುರುವಾಗಿತ್ತು. ಚಾಚಾನ ಕುದುರೆ ಮುದಿಯಾಗಿ ಸತ್ತ ಮೇಲೆ ಅವರು ಮತ್ತೊಂದು ತರಲಿಲ್ಲ. ಟಾಂಗಾ ಮಾತ್ರ ಅಂಗಳದಲ್ಲಿ ನಿಂತಿತ್ತು. ದಿನಾ ಬೆಳಿಗ್ಗೆ ಅದರ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಹಳೆಯ ಕಬ್ಬಿಣ, ಹಿತ್ತಾಳೆ ಕೊಳ್ಳುವ ಮೋಡಕಾ ಸಾಮಾನಿನವರು ಬಂದು ಕೇಳಿದರೆ, "ಅದೇನ ಸತ್ತದೇನು? ನಿಂತದ ಅಷ್ಟ. ನಡೀರಿ ಮುಂದ," ಅನ್ನುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ನಾನು ಅವರ ಮನೆಯ ಮೇಲಿನ ಒಂದು ಖೋಲಿಯಲ್ಲಿ ಬಾಡಿಗೆಗೆ ಇದ್ದೆ. ನಾನು ಅರಕೇರಿಯವನು. ದನ ಕಾಯ್ದು, ಮೀಸೆ ಬಂದ ಮೇಲೆ ಸಾಲಿ ಮೆಟ್ಟಿಲು ಹತ್ತಿದವನು. ಸಣ್ಣ ಹುಡುಗರ ಜೊತೆ ಕೂತು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಒಂದು ಸರಕಾರಿ ಕಚೇರಿಯಲ್ಲಿ ಟಪಾಲು ಸಾಗಿಸುವ ಕೆಲಸ ಹಿಡಿದಿದ್ದೆ. ನಮ್ಮ ಮನೆತನದಲ್ಲಿ ಪಗಾರ ಅಂತ ಕೈಯಲ್ಲಿ ಹಿಡಿದವನು ನಾನೇ ಮೊದಲಿಗ. ಚಾಚಾ ಮಾತ್ರ ನನ್ನನ್ನು "ಸಾಹೇಬ್ರ" ಅಂತ ಕರೆದು ನಗುತ್ತಿದ್ದರು.

ಮದುವೆಯಾಗಿ ಹೆಂಡತಿಯನ್ನು ಕರೆತಂದೆ. ಅವಳು ಘೋಣಸಗಿಯ ರೈತರ ಮನೆಯ ಮಗಳು, ಹತ್ತು ಮಂದಿಯ ನಡುವೆ ಬೆಳೆದವಳು. ನನ್ನ ಖೋಲಿಯಲ್ಲಿ ಒಂದು ಚಾಪೆ, ಒಂದು ಟ್ರಂಕು, ಒಂದು ಒಲೆ. ಮೇಲೆ ಬರೀ ತಗಡು. ನಾನು ಕಚೇರಿಗೆ ಹೋದರೆ ಅವಳು ಸಂಜೆತನಕ ಒಬ್ಬಳೇ. ಪಂಚಮಿ ಹಬ್ಬಕ್ಕೆ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಸಂತೆಗೆ ಬಂದ ಅವರ ಊರಿನವನೊಬ್ಬನ ಕೈಯಲ್ಲಿ ಹೇಳಿ ಕಳಿಸಿದ್ದಳು: "ಆ ತಗಡಿನ ಡಬ್ಬ್ಯಾಗ ನಾ ಇರಂಗಿಲ್ಲ."

ಅದರ ಹಿಂದೆಯೇ ಮಾವನ ಮಾತೂ ಬಂತು. ಮುಂದಿನ ಸಂತೆಗೆ ಮಗಳನ್ನು ಕರೆದುಕೊಂಡು ಬರುತ್ತಾರಂತೆ. ಮನೆ ನೋಡುತ್ತಾರಂತೆ. ಅವಳ ಮನಸ್ಸು ಒಪ್ಪಲಿಲ್ಲವೆಂದರೆ ಅದೇ ಚಕ್ಕಡಿಯಲ್ಲಿ ತಿರುಗಿ ಕರೆದುಕೊಂಡು ಹೋಗುತ್ತಾರಂತೆ. ಅಳಿಯನಿಗೆ ಹೆಂಡತಿ ಬೇಕಾದರೆ ನೌಕರಿ ಬಿಟ್ಟು ಘೋಣಸಗಿಗೆ ಬಂದು ಅವರ ಹೊಲ ಮಾಡಬೇಕಂತೆ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಷ್ಟು ತಡವಾಗಿ ಕಲಿತ ನಾಲ್ಕಕ್ಷರ ಮತ್ತೆ ನೇಗಿಲ ಹಿಂದೆ ಹೋಗುತ್ತದಲ್ಲ ಅನ್ನಿಸಿತು. ಚಾಚಾ ಎಲ್ಲ ಕೇಳಿಕೊಂಡು, ಬೀಡಿ ಕಿವಿಗೆ ಸಿಕ್ಕಿಸಿ ಮೇಲೆ ಹತ್ತಿ ಬಂದರು. ಖೋಲಿಯ ನಡುವೆ ನಿಂತು ಒಂದು ಸುತ್ತು ತಿರುಗಿದರು.

"ಸಾಹೇಬ್ರ, ಇದು ಮನಿ ಅಲ್ರೀ, ಟೇಶನ್ ಐತಿ. ಇಲ್ಲಿ ಬಂದಾಂವ ಗಾಡಿ ಎಷ್ಟಕ್ಕ ಬರ್ತೈತಿ ಅಂತ ಕೇಳ್ತಾನ."

ರಸ್ತೆಯ ಕಡೆಯ ಕಿಟಕಿಯಲ್ಲಿ ಇಣುಕಿ ಮತ್ತೆ ಕೇಳಿದರು.

"ನಿಮ್ಮ ಹೆಣ್ತಿ ಎಲ್ಲಿ ಕುಂದ್ರತಿದ್ಳು?"

"ಅಲ್ಲೇ, ಒಲಿ ಮುಂದ."

"ಒಲಿ ಮುಂದ ಕುಂತ್ರ ಏನ ಕಾಣ್ತೈತಿ?"

"ಒಲಿ."

"ಹಂಗಾದ್ರ ಓಡಿ ಹೋಗದ ಏನ ಮಾಡ್ತಾಳ್ರೀ?" ಅಂದು ಜೋರಾಗಿ ನಕ್ಕರು. ಆಮೇಲೆ ಗೋಡೆ ತಟ್ಟುತ್ತ, "ನಾ ಸಾಲಿ ಕಲ್ತಿಲ್ಲ. ಒಂದ ಗೊತ್ತು. ಟಾಂಗಾ ಹತ್ತಿದಾಂವಗ ಇಳಿಯಾಕ ಬ್ಯಾಸರ ಆಗಬೇಕು. ಮನೀನೂ ಹಂಗ," ಅಂದರು.

"ಕೈಯಾಗ ರೊಕ್ಕ ಇಲ್ಲಲ್ರಿ ಚಾಚಾ."

"ರೊಕ್ಕ ಇದ್ದಾಂವ ಸಾಮಾನ ತರ್ತಾನ. ಇಲ್ಲದಾಂವ ಸಿಂಗಾರ ಮಾಡ್ತಾನ. ಮಕ್ಕೋರಿ, ಮುಂಜಾನೆ ನೋಡೂಣು."

ಮರುದಿನ ಸುತ್ತಿಗೆ ಸಪ್ಪಳಕ್ಕೆ ಎಚ್ಚರವಾಯಿತು. ಕೆಳಗೆ ಓಡಿದೆ. ಚಾಚಾ ಟಾಂಗಾದ ಹಿಂದಿನ ಆಸನ ಬಿಚ್ಚಿ ನೆಲಕ್ಕಿಟ್ಟಿದ್ದರು. ದೀಪ ಬಿಚ್ಚಾಗಿತ್ತು. ಈಗ ಕಾಲಿಡುವ ಹಲಗೆಗೆ ಕೈ ಹಾಕಿದ್ದರು.

"ಚಾಚಾ! ಏನ ಮಾಡಾಕತ್ತೀರಿ?"

"ಸವಾರಿ ಸಿಕ್ಕಾವ. ತಯಾರಿ ಮಾಡಾಕತ್ತೇನಿ. ನೀವೇನ ನೋಡ್ತೀರಿ, ಆ ಕಡೆ ಹಿಡೀರಿ!"

ಅವತ್ತಿನಿಂದ ನನಗೆ ಕಚೇರಿಯಲ್ಲಿ ಮನಸ್ಸೇ ನಿಲ್ಲಲಿಲ್ಲ. ಸಂಜೆ ಆಗುವುದನ್ನೇ ಕಾಯುತ್ತಿದ್ದೆ. ಸೈಕಲ್ ತುಳಿದುಕೊಂಡು ಬಂದವನೇ ಇವತ್ತು ಏನು ಮಾಡಿಟ್ಟಿದ್ದಾರೋ ಅಂತ ಮೆಟ್ಟಿಲು ಓಡಿ ಹತ್ತುತ್ತಿದ್ದೆ. ಸುಣ್ಣದಲ್ಲಿ ಪೇವಡಿ ಅನ್ನುವ ಹಳದಿ ಪುಡಿ ಕಲಸಿ ನಾವಿಬ್ಬರೂ ಗೋಡೆಗೆ ಹಚ್ಚಿದೆವು. ಬಿಸಿಲು ಬಿದ್ದರೆ ಖೋಲಿ ತುಂಬ ಕುಸುಬಿ ಹೂವು ಬಿಟ್ಟಂತೆ ಕಾಣುತ್ತಿತ್ತು. ನನ್ನ ಅವ್ವನ ಹಳೆಯ ಇಳಕಲ್ ಸೀರೆಗಳನ್ನು ಅರಕೇರಿಯಿಂದ ತಂದೆ. ಚಾಚಾ ದಬ್ಬಣದಿಂದ ಅವನ್ನು ಒಂದಕ್ಕೊಂದು ಹೊಲಿದು ತಗಡಿನ ಕೆಳಗೆ ಬಿಗಿದು ಕಟ್ಟಿದರು. ತಗಡು ಮಾಯವಾಯಿತು. ಮಲಗಿ ಮೇಲೆ ನೋಡಿದರೆ ಕೆಂಪು ಸೆರಗು, ದಡಿ, ಅವ್ವ ಹಾಕಿದ ಕಸೂತಿ. ಕಾಲಿಡುವ ಹಲಗೆ ಗೋಡೆಗೆ ಹತ್ತಿ ಪಾತ್ರೆ ಇಡುವ ಫಳಿ ಆಯಿತು. ಟಾಂಗಾದ ಹಿತ್ತಾಳೆ ದೀಪಕ್ಕೆ ಒಂದು ಕಡೆ ಕೆಂಪು ಗಾಜಿತ್ತು. ಅದನ್ನು ಮೂಲೆಯಲ್ಲಿ ಹಚ್ಚಿಟ್ಟರೆ ಖೋಲಿ ಬೆಚ್ಚಗೆ ಮುದುಡಿಕೊಂಡು ಕೂತಂತೆ ಅನ್ನಿಸುತ್ತಿತ್ತು. ಕುದುರೆಯ ಕೊರಳ ಗೆಜ್ಜೆಸರ ಬಾಗಿಲಿಗೆ ಬಂತು.

ಆಸನದ ಗಾದಿಯದೇ ತೊಂದರೆ.

"ಕುದುರಿ ವಾಸನಿ ಹೊಡೀತದಲ್ರಿ ಚಾಚಾ."

"ಅಷ್ಟು ವರ್ಷ ದುಡದೈತಿ. ವಾಸನಿಯಾದ್ರೂ ಇರ್ಲಿ ಬಿಡ್ರಿ!" ಅಂದರು. ಅಂದರೂ ಬೇವಿನ ತಪ್ಪಲು ಹರಡಿ ಅದನ್ನು ಬಿಸಿಲಿಗೆ ಹಾಕಿದರು.

ಆ ಗಾದಿ ಯಾವ ಕಡೆ ಮುಖ ಮಾಡಬೇಕು ಅನ್ನುವುದಕ್ಕೆ ನಮ್ಮಿಬ್ಬರಿಗೂ ಜಗಳವೇ ಆಯಿತು. ನಾನು ಬಾಗಿಲ ಕಡೆ ಅಂದೆ. ಅವರು ಆಸನವನ್ನು ಎಳೆದುಕೊಂಡು ಹೋಗಿ, ಖೋಲಿಗೆ ಬೆನ್ನು ಮಾಡಿ, ರಸ್ತೆಯ ಕಿಟಕಿಗೆ ಮುಖ ಮಾಡಿ ಇಟ್ಟರು.

"ಬೀಗರು ಬಂದು ನಮಗ ಬೆನ್ನ ಮಾಡಿ ಕುಂದ್ರಬೇಕೇನ್ರಿ? ಮರ್ಯಾದಿ ಏನ ಉಳೀತು?"

"ಟಾಂಗಾದಾಗ ಹಿಂದ ಕುಂತಾಂವಗ ನಾ ಯಾವಾಗರೆ ಮುಖ ತೋರಿಸೀನೇನು? ಆದ್ರೂ ಹೆಣ್ಮಕ್ಕಳೆಲ್ಲಾ ಹಿಂದಿನ ಸೀಟ ಬೇಕಂತಿದ್ರು. ಯಾಕ? ಅಲ್ಲಿ ಕುಂತ್ರ ಬಿಟ್ಟು ಬಂದ ಊರು ಕಾಣ್ತಿರ್ತದ."

ನಾನು ಆ ಗಾದಿಯ ಮೇಲೆ ಕೂತು ಹೊರಗೆ ನೋಡಿದೆ. ಘೋಣಸಗಿ, ಟಿಕೋಟಾ ಕಡೆಯಿಂದ ಸಂತೆಗೆ ಬರುವ ಚಕ್ಕಡಿಗಳು ಆ ಕಿಟಕಿಯ ಕೆಳಗೇ ಹಾದು ಹೋಗುತ್ತಿದ್ದವು.

ಸಂತೆಯ ದಿನ ಬಂತು. ಚಾಚಾ ಬೆಳಿಗ್ಗೆಯೇ ಸ್ನಾನ ಮಾಡಿ, ಒಗೆದ ಪೈಜಾಮ ಹಾಕಿ, ಮೇಲೆ ಕೆಳಗೆ ಓಡಾಡುತ್ತಿದ್ದರು. ಚಕ್ಕಡಿ ನಿಂತಿತು. ಮಾವ ಮುಂದೆ, ಹೆಂಡತಿ ಹಿಂದೆ, ಮೆಟ್ಟಿಲು ಹತ್ತಿದರು. ಬಾಗಿಲ ಗೆಜ್ಜೆ ಘಲ್ ಅಂದಿತು. ಹೆಂಡತಿ ಒಳಗೆ ಬಂದು ನಾಲ್ಕೂ ಕಡೆ ನೋಡಿದಳು.

"ಇದೇನ ಮನೀನೋ, ಟಾಂಗಾನೋ?"

ಬಾಗಿಲಲ್ಲಿದ್ದ ಚಾಚಾ ನೆಲ ನೋಡಿದರು. ಮಾವ ಗೋಡೆ ಮುಟ್ಟಿ ಬೆರಳು ಮೂಸಿ ನೋಡಿದರು. ಕತ್ತೆತ್ತಿದರು.

"ತಗಡ ಎಲ್ಲಿ ಹೋತು?"

"ಸೀರಿ ಮ್ಯಾಲ ಐತ್ರಿ ಮಾವಾರ."

"ಹೂಂ," ಅಂದು ಗಾದಿಯ ಮೇಲೆ ಕೂತರು. ನಮಗೆ ಬೆನ್ನಾಯಿತು. ಸ್ವಲ್ಪ ಹೊತ್ತಿಗೆ ಆ ಬೆನ್ನು ಹಿಂದಕ್ಕೆ ಒರಗಿತು. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟರು. ಒಮ್ಮೆಲೇ ಮುಂದೆ ಬಾಗಿ, "ಯವ್ವಾ, ಬಾ ಇಲ್ಲೆ! ಅವು ನಮ್ಮೂರ ಎತ್ತ ಹೌದಲ್ಲೋ ನೋಡು!" ಅಂದರು.

ಅವಳು ಓಡಿ ಬಂದು ಕಿಟಕಿಯಲ್ಲಿ ಕತ್ತು ಹಾಕಿದಳು. "ಅತ್ತೀ! ಏ ಅತ್ತೀ! ಇಲ್ಲೆ ಮ್ಯಾಲ ನೋಡ ಬೇ!"

ಕೆಳಗೆ ಚಕ್ಕಡಿಯಲ್ಲಿದ್ದ ಅವಳ ಸೋದರತ್ತೆ ಹಣೆಗೆ ಕೈ ಹಚ್ಚಿ ನೋಡಿ ಕೂಗಿದಳು: "ಅಯ್ಯ ನನ್ನ ಮಗಳ! ನಿನ್ನ ಮನಿ ಇದೇನ? ಭಾಳ ಎತ್ತರಕ್ಕ ಹತ್ತೀದಿ ಬಿಡು! ಮುಂದಿನ ಸಂತಿಗಿ ಬೆಣ್ಣಿ ತರ್ತೀನಿ, ಬುಟ್ಟಿ ಕೆಳಗ ಬಿಡು!"

ಹೆಂಡತಿ ನಗುತ್ತಲೇ ಇದ್ದಳು. ಒಂದರ ಹಿಂದೆ ಒಂದರಂತೆ ಚಕ್ಕಡಿಗಳು ಬರುತ್ತಿದ್ದವು. ಆಕಡೆ ಈಕಡೆಯ ಊರಿನವರು, ಗುರುತಿನವರು, ಗುರುತಿಲ್ಲದವರು. ಅವಳು ಎಲ್ಲರಿಗೂ ಕೈ ಮಾಡಿದಳು. ಇತ್ತ ಗಾದಿಯಿಂದ ಗೊರಕೆ ಕೇಳಿತು. ಚಾಚಾ ನನ್ನ ಪಕ್ಕೆ ತಿವಿದು ಪಿಸುಗುಟ್ಟಿದರು, "ನೋಡ್ರಿ ಸಾಹೇಬ್ರ, ಗಿರಾಕಿ ಇಳಿಯಾಕ ಒಲ್ಲ!"

ಬಿಸಿಲು ಇಳಿದ ಮೇಲೆ ಮಾವ ಎದ್ದರು. ರುಮಾಲು ಸುತ್ತಿಕೊಳ್ಳುತ್ತ ಮಗಳ ಕಡೆ ತಿರುಗಿದರು. "ಏನವ್ವಾ, ಚಕ್ಕಡಿ ಹೂಡ್ಲ್ಯಾ? ಹೊಂಡತೀ ಏನು?"

ಅವಳು ಕಿಟಕಿಯ ಸರಳು ಹಿಡಿದೇ ಹೇಳಿದಳು. "ನೀ ಹೋಗ ಯಪ್ಪಾ. ಮುಂದಿನ ಸಂತಿಗಿ ಬೆಣ್ಣಿ ಬರೂದೈತಿ. ಇಸ್ಕೊಳ್ಳಾಕ ಇಲ್ಲೆ ಯಾರರೆ ಬೇಕಲ್ಲ?"

ಚಾಚಾ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಅಂಗಳಕ್ಕೆ ಓಡಿದರು. ಎರಡು ಗಾಲಿ ಮತ್ತು ಕುದುರೆ ಕಟ್ಟುವ ಮೂಕಿ ಅಷ್ಟೇ ಉಳಿದಿದ್ದ ಟಾಂಗಾದ ಮುಂದೆ ನಿಂತು, ಕುದುರೆಗೆ ಕೂಗಿದಂತೆ "ಹೊಯ್! ಹೊಯ್!" ಅಂತ ಕೂಗಿದರು. ಓಣಿಯ ಮಂದಿ ಹೊರಗೆ ಬಂದು ನೋಡಿದರು. ನಾನು ಆ ನೌಕರಿಯಲ್ಲೇ ಉಳಿದೆ, ಅದರಲ್ಲೇ ನಿವೃತ್ತನಾದೆ. ನನ್ನ ಮಕ್ಕಳು ವಯಸ್ಸಿಗೆ ಸರಿಯಾಗಿ ಸಾಲಿಗೆ ಹೋದರು. ಅದರ ಋಣ ಯಾರದು ಅಂತ ನನಗೆ ಗೊತ್ತು.

ಚಾಚಾ ತಮ್ಮ ಖೋಲಿಗೆ ಯಾರನ್ನೂ ಕರೆಯುತ್ತಿರಲಿಲ್ಲ. ಮಾತುಕತೆ ಎಲ್ಲ ಅಂಗಳದಲ್ಲೇ. ಒಂದು ಚಳಿಗಾಲ ಅವರಿಗೆ ಜ್ವರ ಬಂತು. ಹೆಂಡತಿ ಗಂಜಿ ತೆಗೆದುಕೊಂಡು ಹೋದವಳು ಸ್ವಲ್ಪ ಹೊತ್ತಿಗೆ ಹೊರಗೆ ಬಂದು ನನ್ನನ್ನು ಕರೆದಳು. ಒಳಗೆ ಒಂದು ಚಾಪೆ, ಒಂದು ಕೊಡ, ಹೊಗೆ ಹಿಡಿದ ಗೋಡೆ. ಬೇರೆ ಏನೂ ಇರಲಿಲ್ಲ.

"ಇದ್ದ ಬಿದ್ದದ್ದೆಲ್ಲಾ ನಮಗ ಹೊರಿಸಿ ನೀವು ಹಿಂಗ ಇರೂದೇನ್ರಿ ಚಾಚಾ?" ಅಂತ ಅವಳು ಜಗಳಕ್ಕೇ ನಿಂತಳು.

"ಟಾಂಗಾ ಹೊಡಿಯಾಂವಗ ಯಾಕ ಬೇಟಿ ಗಾದಿ? ನಾ ಯಾವತ್ತೂ ಹಲಗಿ ಮ್ಯಾಲ ಕುಂತಾಂವ."

"ಈಗ ನಾ ಹೊಡೀತೀನಿ. ನೀವು ಸುಮ್ಕ ಕುಂದ್ರಿ." ಅಂದು ನನ್ನ ಕಡೆ ತಿರುಗಿದಳು. "ಏನ್ರಿ, ಹೋಗ್ರಿ, ಸುಣ್ಣ ತರ್ರಿ!"

ಜ್ವರ ಬಿಟ್ಟ ಮೇಲೆ ಅವರನ್ನು ಅಂಗಳದಲ್ಲಿ ಕೂಡಿಸಿ ಕೆಲಸ ಶುರು ಮಾಡಿದಳು. ಗೋಡೆಗೆ ತಿಳಿ ನೀಲಿ ಹಚ್ಚಿದಳು. ತವರಿನಿಂದ ಹೊಸ ಕೌದಿ ತರಿಸಿ ಹಾಸಿದಳು. ಒಡೆದ ಬಳೆಗಳನ್ನು ದೀಪಕ್ಕೆ ಹಿಡಿದು ಬಗ್ಗಿಸಿ, ಕೊಂಡಿಗೆ ಕೊಂಡಿ ಸೇರಿಸಿ ಬಾಗಿಲಿಗೆ ತೋರಣ ಕಟ್ಟಿದಳು. ಚಾಚಾ ಹೊರಗಿನಿಂದಲೇ, "ಬ್ಯಾಡ ಬೇಟಿ, ಮಂದಿ ನಗ್ತಾರ. ಮುದುಕಗ ಮತ್ತ ಶಾದಿ ಅಂತಾರ!" ಅಂತ ಕೂಗುತ್ತಿದ್ದರು. ಸಂಜೆ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ನನ್ನ ಎರಡನೆಯ ಮಗು ಹುಟ್ಟಿದ ವರ್ಷ, ಒಂದು ಮಧ್ಯಾಹ್ನ ಆ ನೀಲಿ ಖೋಲಿಯಲ್ಲೇ ಮಲಗಿದ ಚಾಚಾ ಮತ್ತೆ ಏಳಲಿಲ್ಲ. ಓಣಿಯವರು, ಹಳೆಯ ಟಾಂಗಾದವರು ಎಲ್ಲ ಬಂದರು. ಚಾಚಾ ಅವರ ಜೊತೆ ಟಾಂಗಾ ಹೊಡೆದ ಒಬ್ಬ ಮುದುಕರು ಬಾಗಿಲಲ್ಲೇ ನಿಂತು, ಗೋಡೆ, ಕೌದಿ ಎಲ್ಲ ನೋಡಿದರು.

"ಇಷ್ಟ ಚಂದ ಖೋಲಿ ಯಾರ ಮಾಡಿಕೊಟ್ಟಿದ್ರವ್ವಾ ಇವಗ?"

ನನ್ನ ಹೆಂಡತಿ ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಗಳ್ರಿ," ಅಂದಳು.

ಚಾಚಾನಿಗೆ ಮಕ್ಕಳಿಲ್ಲ ಅನ್ನುವುದು ಆ ಮುದುಕರಿಗೆ ಗೊತ್ತಿತ್ತು. ಅವರು ಅವಳ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದರು.