ಟ್ರೌಡಿಯಮ್ಮನ ಏಪ್ರನ್ ಜೇಬು

ವಿಯೆನ್ನಾದ ನಮ್ಮ ಐದಂತಸ್ತಿನ ವಠಾರಕ್ಕೆ ಟ್ರೌಡಿಯಮ್ಮನೇ ಕಾವಲು, ಅವಳೇ ಪೊಲೀಸು. ಮೆಟ್ಟಿಲ ಮೇಲಿನ ಕೆಸರು ನೋಡಿಯೇ ಯಾರು ಎಲ್ಲಿಗೆ ಹೋಗಿ ಬಂದರೆಂದು ಹೇಳಬಲ್ಲಳು. ಆಕೆಯ ವ್ಯವಹಾರವೆಲ್ಲ ‘ನಾ’ ಎಂಬ ಒಂದೇ ಮಾತಿನಲ್ಲಿ ನಡೆಯುತ್ತದೆ. ಎಳೆದು ಕೇಳಿದರೆ ‘ಏನ್ ಸಮಾಚಾರ?’ ಎಂದು, ಕತ್ತರಿಸಿ ಅಂದರೆ ‘ಆಗಲ್ಲ, ಹೋಗು’ ಎಂದು. ಬಲ್ಗೇರಿಯದ ವಿಧವೆ ಇಸ್ಕ್ರಾ ಮೂರನೇ ಮಹಡಿಗೆ ಬಂದ ದಿನ ಈಕೆ ‘ನಾ?’ ಎಂದು ವಿಚಾರಿಸಿದಳು. ಬಲ್ಗೇರಿಯದವರ ಮಾತಿನಲ್ಲಿ ಅದಕ್ಕೆ ‘ತಗೋ’ ಎಂದರ್ಥ. ಇಸ್ಕ್ರಾ ಕೈ ಚಾಚಿದಳು. ಚಾಚಿದ ಕೈಯನ್ನು ಬರಿದಾಗಿ ಕಳಿಸುವುದು ಹೇಗೆಂದು ಟ್ರೌಡಿಯಮ್ಮ ತನ್ನ ತಿಂಡಿಯ ಗಸಗಸೆ ಬನ್ನನ್ನೇ ಇಟ್ಟುಬಿಟ್ಟಳು. ಅಂದಿನಿಂದ ಅವಳ ಏಪ್ರನ್ ಜೇಬಿನಲ್ಲಿ ಇಸ್ಕ್ರಾಗೆಂದು ದಿನಾ ಒಂದು ಬನ್ನು ಖಾಯಂ. “ಇಪ್ಪತ್ತು ವರ್ಷ ಆಯ್ತು, ಆ ಪೆದ್ದಿಗೆ ಇನ್ನೂ ನಮ್ ಭಾಷೆ ಹತ್ತಿಲ್ಲ ನೋಡಿ,” ಎಂದು ನಮ್ಮೆದುರು ಗೊಣಗುತ್ತಾಳೆ. ಇಸ್ಕ್ರಾ ಶಾಲೆಯಲ್ಲಿ ಜರ್ಮನ್ ಪಾಠ ಹೇಳುತ್ತಾಳೆಂಬುದು ಟ್ರೌಡಿಯಮ್ಮನಿಗೂ ಗೊತ್ತು. ಹೋದ ವಾರ ಮಂಡಿಯ ಆಪರೇಷನ್ ಮುಗಿಸಿ ಬಂದ ಟ್ರೌಡಿಯಮ್ಮ ಹತ್ತಲಾರದೆ ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಜೇಬು ಖಾಲಿ. ಇಸ್ಕ್ರಾ ಬಿಸಿ ರೊಟ್ಟಿ ಹಿಡಿದು ಇಳಿದು ಬಂದು, “ನಾ,” ಎಂದಳು. ಇಡೀ ವಠಾರಕ್ಕೆ ‘ಆಗಲ್ಲ’ ಎನ್ನುವ ಟ್ರೌಡಿಯಮ್ಮ ಕೈ ಚಾಚಿದಳು.